ಮೂರು ಮೀಟರ್ ತಾಮ್ರ

ಏಸಿ ಕೊಂಡೆ ಎಂದು ಯಾರಾದರೂ ನಿಮ್ಮ ಮುಂದೆ ಹೇಳಿದರೆ ಅರ್ಧ ಮಾತ್ರ ನಂಬಿರಿ. ಅಂಗಡಿಯವನು ಕೊಟ್ಟು ಕಳಿಸುವುದು ಎರಡು ಡಬ್ಬಿ, ಒಂದು ರಿಮೋಟು, ಯಾರೂ ಓದದ ಒಂದು ಪುಸ್ತಕ. ಡಬ್ಬಿಗಳಲ್ಲಿ ಒಂದು ಬೆಳ್ಳಗೆ, ಉದ್ದಕ್ಕೆ, ಗೋಡೆಯ ಮೇಲೆ ದೇವರ ಫೋಟೋಕ್ಕಿಂತ ಎತ್ತರದಲ್ಲಿ ಕೂರುವಂಥದ್ದು. ಇನ್ನೊಂದು ಚೌಕಾಗಿ, ಭಾರವಾಗಿ, ಹೊಟ್ಟೆಯಲ್ಲೊಂದು ಫ್ಯಾನು ಇಟ್ಟುಕೊಂಡು ಹೊರಗೆ ಬಿಸಿಲಲ್ಲಿ ಒಣಗುವಂಥದ್ದು. ಇವೆರಡರ ನಡುವೆ ಗೋಡೆ. ಆ ಗೋಡೆಯನ್ನು ಕೊರೆದು ಎರಡು ತಾಮ್ರದ ಪೈಪು, ಒಂದಿಷ್ಟು ವಾಯರು, ನೀರು ಹೋಗಲೊಂದು ನಳಿಕೆ, ಇಷ್ಟನ್ನು ಯಾವನೋ ಒಬ್ಬ ಹುಡುಗ ಬಂದು ಜೋಡಿಸಿ ಕೊಡುವ ತನಕ ಏಸಿ ಎಂಬ ವಸ್ತು ಲೋಕದಲ್ಲಿ ಇಲ್ಲವೇ ಇಲ್ಲ. ಮಡಕೆ ಆಗುವ ಮೊದಲು ಮಣ್ಣಿನಲ್ಲಿ ಮಡಕೆ ಇಲ್ಲದಿರುವ ಸ್ಥಿತಿಗೆ ನ್ಯಾಯಶಾಸ್ತ್ರದವರು ಪ್ರಾಗಭಾವ ಎಂಬ ಘನವಾದ ಹೆಸರಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಆ ಪ್ರಾಗಭಾವ ಬಹಳ ದಿನ ಪಡಸಾಲೆಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಕೂತಿತ್ತು. ಬಂದವರೆಲ್ಲ ಅದರ ಮೇಲೆ ಚಹದ ಕಪ್ಪು ಇಟ್ಟು ಹೋದರು.

ಗೋಕಾಕಕ್ಕೆ ಪರಊರಿನವರು ಬರುವುದು ಮಳೆಗಾಲದಲ್ಲಿ. ಘಟಪ್ರಭೆ ಕೆಂಪಗೆ ಉಕ್ಕಿ ಬಂದು 171 ಅಡಿ ಕೆಳಗೆ ಧುಮುಕುವುದನ್ನು ಬಾಯಿ ತೆರೆದು ನೋಡಿ, ಫೋಟೋ ಹೊಡೆದುಕೊಂಡು, ಕರದಂಟು ಕಟ್ಟಿಸಿಕೊಂಡು, ಊರೆಂದರೆ ಇದಪ್ಪಾ ಎಂದು ಹೊಗಳಿ ಹೋಗುತ್ತಾರೆ. ಏಪ್ರಿಲ್ ತಿಂಗಳಲ್ಲಿ ಅವರಲ್ಲಿ ಒಬ್ಬರ ಪತ್ತೆಯೂ ಇರುವುದಿಲ್ಲ. ಆಗ ನೀರು ಬೀಳುವ ಜಾಗದಲ್ಲಿ ಬರೀ ಬಂಡೆ, ಸುತ್ತಲಿನ ಗುಡ್ಡವೂ ಬಂಡೆ, ಹಗಲೆಲ್ಲ ಕಾದ ಬಂಡೆ ರಾತ್ರಿ ಊಟವಾದ ಮೇಲೂ ಊರಿನ ಮೇಲೆ ಝಳ ಬಿಡುತ್ತಲೇ ಇರುತ್ತದೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಹಳಗನ್ನಡ ಕಾವ್ಯಗಳ ಗ್ರೀಷ್ಮವರ್ಣನೆಯನ್ನು ಬೆವರು ಒರೆಸಿಕೊಳ್ಳುತ್ತ ವಿವರಿಸುವುದರಲ್ಲಿ ಈ ಸೀಮೆಯಲ್ಲಿ ನನ್ನನ್ನು ಮೀರಿಸುವವರಿಲ್ಲವೆಂದು ನನ್ನದೇ ಅಭಿಪ್ರಾಯ. ಯಂತ್ರದ ತಂಪು ದೇಹವನ್ನು ದುರ್ಬಲಗೊಳಿಸುತ್ತದೆ, ಋತುಧರ್ಮಕ್ಕೆ ವಿರೋಧ ಎಂದೆಲ್ಲ ಕಟ್ಟೆಯ ಮೇಲೆ ಕೂತು ಹೇಳಿದ್ದು ನೆರೆಯವರಿಗೆ ಬಾಯಿಪಾಠವಾಗಿದೆ. ಮಗ ಬೆಂಗಳೂರಿನಿಂದ ಫೋನು ಮಾಡಿ ಒಂದೂವರೆ ಟನ್ನಿನದು ಕಳಿಸಿದ್ದೇನೆ ಎಂದಾಗ ನಾನು ಋತುಧರ್ಮದ ಮಾತು ತೆಗೆದೆ. ನಮ್ಮಾಕೆ ಫೋನು ಕಸಿದುಕೊಂಡು, "ಯಾವಾಗ ಬರ್ತೈತಿ ಅಷ್ಟ ಹೇಳಪಾ" ಎಂದಳು.

ನಮ್ಮ ಮೂಲ ಮನೆ ಮೂಡಲಗಿ ಕಡೆಯ ಒಂದು ಹಳ್ಳಿಯಲ್ಲಿತ್ತು. ಮೂಡಲಗಿ ಈಗ ಸ್ವತಂತ್ರ ತಾಲೂಕು. ಆಗ ಅದೂ ಗೋಕಾಕ ತಾಲೂಕಿನದೇ ಭಾಗ, ಕೋರ್ಟು ಕಚೇರಿ ಎಂದರೆ ಎಲ್ಲರೂ ಬಸ್ಸು ಹತ್ತಿ ಇಲ್ಲಿಗೇ ಬರಬೇಕಿತ್ತು. ಆ ಮನೆಗೆ ಮಣ್ಣಿನ ಮಾಳಿಗೆ, ಗೋಡೆ ಒಂದು ಮೊಳಕ್ಕಿಂತ ದಪ್ಪ, ಕಿಟಕಿ ಎಂಬುದು ಹೆಸರಿಗೆ ಮಾತ್ರ, ಮೇಲೆ ಒಂದು ಬೆಳಕಿಂಡಿ. ಮಧ್ಯಾಹ್ನ ಹೊರಗೆ ನಾಯಿ ಕೂಡ ನೆರಳು ಹುಡುಕುವಾಗ ನಮ್ಮಜ್ಜ ಒಳಗೆ ಕತ್ತಲೆಯಲ್ಲಿ ಹೊದ್ದುಕೊಂಡು ಮಲಗುತ್ತಿದ್ದ. ಮೂಲೆಯಲ್ಲಿ ಮಳಲಿನ ಮೇಲೆ ನೀರಿನ ಹರವಿ. ಅದರ ಹೊಟ್ಟೆ ಯಾವಾಗಲೂ ಒದ್ದೆ. ಒದ್ದೆ ಯಾಕೆ ಎಂದು ಕೇಳಿದರೆ ಅಜ್ಜ "ಅದಕ್ಕ ಬೆವರ ಬರ್ತೈತಿ" ಎನ್ನುತ್ತಿದ್ದ. ಎಷ್ಟೋ ವರ್ಷಗಳ ನಂತರ, ಈ ಏಸಿಯ ದೆಸೆಯಿಂದ, ಅಜ್ಜ ಹೇಳಿದ್ದು ಅಕ್ಷರಶಃ ವಿಜ್ಞಾನ ಎಂದು ತಿಳಿಯಿತು. ದ್ರವ ಆವಿಯಾಗುವಾಗ ಹತ್ತಿರದ ಶಾಖವನ್ನು ಎತ್ತಿಕೊಂಡು ಹೋಗುತ್ತದೆ, ಉಳಿದದ್ದು ತಂಪಾಗುತ್ತದೆ; ಹರವಿಯ ಮೈಮೇಲೆ ನಡೆಯುವುದೂ ಇದೇ, ಬಿಳಿ ಡಬ್ಬಿಯೊಳಗೆ ನಡೆಯುವುದೂ ಇದೇ. ವ್ಯತ್ಯಾಸವೇನೆಂದರೆ ಹರವಿಯ ಆವಿ ಹೋದದ್ದು ಹೋಯಿತು, ಏಸಿಯ ಆವಿಯನ್ನು ಹೊರಗಿನ ಡಬ್ಬಿ ಒತ್ತಿ ಹಿಂಡಿ, ಅದರ ಶಾಖವನ್ನು ಪಕ್ಕದ ಮನೆಯವರ ಕಡೆ ಊದಿ, ಮತ್ತೆ ದ್ರವ ಮಾಡಿ ಒಳಗೆ ಕಳಿಸುತ್ತದೆ. ಈ ಹೋಗಿಬರುವ ದಾರಿಯೇ ಆ ಎರಡು ತಾಮ್ರದ ಪೈಪು, ಒಂದು ಕಾಲಿಂಚಿನದು, ಒಂದು ಅರ್ಧ ಇಂಚಿನದು.

ದಾರಿಯ ಮಾತಿಗೆ ಬಂದೆವು, ಆದರೆ ದಾರಿ ಯಾವ ದಿಕ್ಕಿಗೆ? ಇಲ್ಲಿ ನಮ್ಮಾಕೆಯ ತಮ್ಮ ಪ್ರವೇಶಿಸಿದ. ಅವನು ವಾಸ್ತು ಬಲ್ಲವನು. "ಮಾಮಾ, ಹೊರಗಿಂದು ಗಾಳಿ ಊದೂ ಮಷೀನು, ಅದಕ್ಕ ವಾಯವ್ಯಕ್ಕ ಇಡಬೇಕ" ಎಂದ. ಅದು ಊದುವುದು ಬಿಸಿ ಗಾಳಿ, ಅಂದಮೇಲೆ ಅಗ್ನಿತತ್ತ್ವ, ಆದ್ದರಿಂದ ಆಗ್ನೇಯ ಎಂದು ನಾನು ಪಾಂಡಿತ್ಯ ಮೆರೆದೆ. ಒಳಗಿನದರಿಂದ ನೀರು ಸೋರುತ್ತದಲ್ಲ, ಜಲಕ್ಕೆ ಈಶಾನ್ಯ ಎಂದು ನಮ್ಮಾಕೆ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. ಪಂಚಭೂತಗಳಲ್ಲಿ ಮೂರು ಭೂತಗಳು ಒಂದೇ ಯಂತ್ರದಲ್ಲಿ ಸೇರಿಕೊಂಡರೆ ವಿಶ್ವಕರ್ಮನಾದರೂ ಏನು ಮಾಡಿಯಾನು! ಚರ್ಚೆ ರಂಗೇರುತ್ತಿದ್ದಾಗ ಮೂಡಲಗಿಯಿಂದ ಬಂದ ಮೆಕ್ಯಾನಿಕ್ ಹುಡುಗ ಬಾಗಿಲಲ್ಲಿ ನಿಂತು ಕಿಸೆಯಿಂದ ಟೇಪು ಎಳೆದ. "ಸರ್ರ, ದಿಕ್ಕ ಯಾವ್ದರ ಆಗ್ಲಿ, ಪೈಪ ಎಷ್ಟ ಹೋಗ್ತೈತಿ ಅನ್ನೂದ ನೋಡ್ರಿ. ಕಂಪನ್ಯಾವ್ರು ಕೊಟ್ಟದ್ದ ಮೂರ ಮೀಟರ. ಅದರ ಮ್ಯಾಲ ಹೋದ್ರ ಫೂಟಿನ ಲೆಕ್ಕ." ತಾಮ್ರದ ಈಗಿನ ಧಾರಣಿಯನ್ನೂ ಹೇಳಿದ. ವಾಯವ್ಯಕ್ಕೆ ಹೋಗಬೇಕಾದರೆ ಮನೆಯನ್ನು ಸುತ್ತು ಹಾಕಬೇಕು. ಈಶಾನ್ಯಕ್ಕೆ ದೇವರಮನೆ ಕೊರೆಯಬೇಕು. ಮೂರು ಮೀಟರಿನೊಳಗೆ ಮುಗಿಯುವುದು ಆಗ್ನೇಯ ಒಂದೇ. ಶಾಸ್ತ್ರಾರ್ಥದಲ್ಲಿ ನಾನು ಗೆದ್ದದ್ದು ಜೀವನದಲ್ಲಿ ಅಪರೂಪ, ಅದೂ ತಾಮ್ರದ ದರದಿಂದ.

ಪೈಪಿಗಿಂತ ಮೊದಲು ಕರೆಂಟು. ಇದಕ್ಕೆ ಬಂದವರು ಹುಕ್ಕೇರಿಯ ಒಬ್ಬ ಹಳೆಯ ಎಲೆಕ್ಟ್ರಿಶಿಯನ್, ಹುಡುಗ ಅವರನ್ನು ಕಾಕಾ ಎನ್ನುತ್ತಿದ್ದ. ಕಾಕಾ ಮಂಚದ ಪಕ್ಕದ ಪ್ಲಗ್ಗನ್ನು ನೋಡಿ, ನನ್ನನ್ನು ನೋಡಿ, "ಮಾಸ್ತರ್ರ, ಇದಕ್ಕ ಏಸಿ ಹಚ್ಚಿದ್ರ ಥಂಡಿ ಖೋಲಿಯೊಳಗ ಬರೂದಿಲ್ರಿ, ಬೆಂಕಿ ಗ್ವಾಡಿಯೊಳಗ ಬರ್ತೈತಿ" ಎಂದರು. ಮೇನ್ ಬೋರ್ಡಿನಿಂದ ಅದಕ್ಕೇ ಮೀಸಲಾದ ಬೇರೆ ಲೈನು ಬೇಕು, ನಾಲ್ಕು ಸ್ಕ್ವೇರ್ ಎಂಎಂ ತಾಮ್ರದ ವಾಯರು, 20 ಆಂಪಿಯರಿನ ಎಂಸಿಬಿ, ಆ ಲೈನಿಗೆ ಮತ್ತೊಂದು ಪ್ಲಗ್ಗನ್ನೂ ಕೂಡಿಸಬಾರದು, ಫೋನು ಚಾರ್ಜು ಮಾಡಲಿಕ್ಕೂ ಅಲ್ಲ. ಓಡುವಾಗ ಅದು ಎಳೆಯುವುದು ಏಳೆಂಟು ಆಂಪಿಯರ್ ಅಲ್ಲವೇ, ಇಷ್ಟು ದಪ್ಪದ ವಾಯರು ಯಾಕೆ ಎಂದು ಡಬ್ಬಿಯ ಮೇಲಿನ ಚೀಟಿ ಓದಿಕೊಂಡಿದ್ದ ನಾನು ಕೇಳಿದೆ. ಬೇಸಿಗೆಯಲ್ಲಿ ಹೊಲದ ಪಂಪುಗಳೆಲ್ಲ ಕಬ್ಬಿಗೆ ನೀರು ಎತ್ತುವ ಹೊತ್ತಿಗೆ ಓಲ್ಟೇಜು ಕುಸಿಯುತ್ತದೆ, ತೆಳ್ಳನೆಯ ವಾಯರು ಉಳಿದದ್ದರಲ್ಲೂ ಪಾಲು ತಿಂದು ತಾನು ಕಾಯುತ್ತ ಕೂರುತ್ತದೆ, ಯಂತ್ರದವರೆಗೆ ಮುಟ್ಟುವುದು ಕಡಿಮೆ, ಎಂದರು. ಘಟಪ್ರಭೆಯ ಕಾಲುವೆ ಬಂದಲ್ಲಿಂದ ನಮ್ಮಲ್ಲಿ ಕಬ್ಬಿನ ಮುಂದೆ ಉಳಿದದ್ದೆಲ್ಲ ಎರಡನೆಯದು. ಏಸಿಯೂ ಸಾಲಿನಲ್ಲಿ ನಿಲ್ಲಬೇಕು.

ಕಾಕಾರಿಗೆ ತಮ್ಮ ಊರಿನ ಕರೆಂಟಿನ ಬಗ್ಗೆ ಭಾರಿ ಅಭಿಮಾನ, ಅದಕ್ಕೆ ಕಾರಣವೂ ಇದೆ. ಗೋಕಾಕ, ಮೂಡಲಗಿಗಳಿಗೆ ಕರೆಂಟು ಕೊಡುವುದು ಹೆಸ್ಕಾಂ. ಹುಕ್ಕೇರಿಯವರಿಗೆ ಅವರದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, 1969ರಲ್ಲಿ ಹುಟ್ಟಿದ್ದು. ಹಳ್ಳಿಗಳಿಗೆ ಸಹಕಾರಿ ಪದ್ಧತಿಯಲ್ಲಿ ವಿದ್ಯುತ್ ಹಂಚಿ ನೋಡೋಣ ಎಂದು ದೇಶದಲ್ಲಿ ಮೊದಲು ಕೈಹಾಕಿದ ಬೆರಳೆಣಿಕೆಯ ಪ್ರಯೋಗಗಳಲ್ಲಿ ಅದೊಂದು. ಹಾಲಿನ ಸೊಸಾಯಿಟಿ, ಸಕ್ಕರೆಯ ಸೊಸಾಯಿಟಿ ಎಲ್ಲೆಲ್ಲೂ ಇವೆ, ಕರೆಂಟಿಗೂ ಸೊಸಾಯಿಟಿ ಮಾಡಿ ಷೇರು ಹಿಡಿದವರು ಹುಕ್ಕೇರಿಯವರು. ನಮ್ಮ ಸೋದರತ್ತೆಯ ಮನೆ ಆ ತಾಲೂಕಿನ ಹಳ್ಳಿಯಲ್ಲೇ ಇತ್ತು. ಅಲ್ಲಿಗೆ ಕರೆಂಟು ಬಂದ ವರ್ಷದ ರಜೆಯಲ್ಲಿ ನಾನು ಅಲ್ಲಿದ್ದೆ. ವಾಯರಮನ್ ನಿಚ್ಚಣಿಕೆ ಹಾಕಿ ಗೋಡೆಗುಂಟ ಕಟ್ಟಿಗೆಯ ಪಟ್ಟಿ ಬಡಿದು, ಅದರ ಮೇಲೆ ವಾಯರು ಮಲಗಿಸಿ, ತಗಡಿನ ಸಣ್ಣ ಕ್ಲಿಪ್ಪುಗಳನ್ನು ಒಂದೊಂದಾಗಿ ಮಡಚುತ್ತ ಹೋಗುವುದನ್ನು ನಾವು ಹುಡುಗರು ಊಟ ಬಿಟ್ಟು ನೋಡಿದೆವು. ಕೊನೆಗೆ ಗುಂಡಗಿನ ಕರಿ ಸ್ವಿಚ್ಚು. ಅತ್ತೆ ಸಂಜೆ ಅದನ್ನು ಒತ್ತುವ ಮೊದಲು ಸೆರಗು ಸರಿಮಾಡಿಕೊಂಡಳು, ಬಲ್ಬು ಹತ್ತಿದ ಮೇಲೆ ಕೈ ಮುಗಿದಳು. ಆ ವೈರಿಂಗಿನಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಯಾವ ವಾಯರು ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತೆಂದು ಇಲಿಗೂ ಗೊತ್ತು. ಈಗ ಗೋಡೆಯನ್ನು ಸೀಳಿ, ಪೈಪಿನೊಳಗೆ ಹುಗಿದು, ಮೇಲೆ ಬಣ್ಣ ಬಳಿದು, ಹತ್ತು ವರ್ಷದ ನಂತರ ಮೊಳೆ ಹೊಡೆಯುವವನ ಪೂರ್ವಜನ್ಮದ ಪುಣ್ಯಕ್ಕೆ ಬಿಡುತ್ತೇವೆ.

ಕಾಕಾರ ಎರಡನೆಯ ಹಟ ಅರ್ಥಿಂಗ್. ಗೋಕಾಕದಲ್ಲಿ ಅರ್ಥಿಂಗಿಗೆ ಗುಂಡಿ ತೋಡುವುದು ಎಂದರೆ ಏನೆಂದು ಇಲ್ಲಿ ಮನೆ ಕಟ್ಟಿಸಿದವರಿಗೆ ಗೊತ್ತು. ಎರಡು ಅಡಿ ಮಣ್ಣು, ಆಮೇಲೆ ಹಾರೆಯಿಂದ ಠಣ್ ಠಣ್. ಹೇಗೋ ಮಾಡಿ ಆಳಕ್ಕಿಳಿಸಿ, ಪೈಪು ನಿಲ್ಲಿಸಿ, ಸುತ್ತ ಉಪ್ಪು ಇದ್ದಿಲು ತುಂಬಿಸಿ, "ಅಕ್ಕಾರ, ಬ್ಯಾಸಗಿಯೊಳಗ ದಿನಾ ಒಂದ ಕೊಡಾ ನೀರ ಹಾಕ್ರಿ ಇದಕ್ಕ" ಎಂದು ನಮ್ಮಾಕೆಗೆ ವ್ರತ ಕೊಟ್ಟರು. ಒಣ ಮಣ್ಣಿನಲ್ಲಿ ಕರೆಂಟು ಇಳಿಯುವುದಿಲ್ಲ, ಮೈ ಮುಟ್ಟಿದವನಲ್ಲಿ ಇಳಿಯುತ್ತದೆ. ಆಕೆ ಬುದ್ಧಿವಂತೆ. ಏಸಿಯ ನೀರು ಹೋಗುವ ನಳಿಕೆಯನ್ನೇ ಗುಂಡಿಯ ಬಾಯಿಗೆ ಬಿಡಿರಿ ಎಂದಳು. ಕಾಕಾ ತಲೆದೂಗಿದರು. ನಮ್ಮ ಏಪ್ರಿಲ್ಲಿನ ಗಾಳಿಯಲ್ಲಿ ಪಸೆಯೇ ಇರದ ಕಾರಣ ಆ ನಳಿಕೆಯಿಂದ ಬೀಳುವುದು ತೀರ್ಥದಷ್ಟು ಎಂಬುದು ಬೇರೆ ಮಾತು; ಕೊಡ ತಪ್ಪಲಿಲ್ಲ.

ಇನ್ನು ಹುಡುಗನ ಕೆಲಸ. ನಾನು ಕುರ್ಚಿ ಹಾಕಿಕೊಂಡು ಕೂತೆ. ಅವನು ಗೋಡೆಗೆ ತೂತು ಕೊರೆದದ್ದು ಹೊರಗಡೆಗೆ ತುಸು ಇಳಿಜಾರಾಗಿ. ಮಳೆ ನೀರು ಒಳಗೆ ಬರಬಾರದು, ಒಳಗಿನ ನೀರು ಹೊರಗೆ ಹೋಗಬೇಕು. ಪೈಪನ್ನು ಗರಗಸದಿಂದ ಕೊಯ್ಯಲಿಲ್ಲ. ಸಣ್ಣ ಗಾಲಿಯ ಕಟ್ಟರನ್ನು ಸಿಕ್ಕಿಸಿ ಸುತ್ತಿಸಿ ಸುತ್ತಿಸಿ ತುಂಡರಿಸಿದ, ಆಮೇಲೆ ಪೈಪಿನ ಬಾಯಿ ಕೆಳಗೆ ಮಾಡಿ ಒಳಗಿನ ಚೂಪನ್ನು ಹೆರೆದ. ಬಾಯಿ ಕೆಳಗೆ ಯಾಕೆಂದರೆ ಹೆರೆದ ತಾಮ್ರದ ಪುಡಿ ಒಳಗೆ ಬೀಳಬಾರದು. ಬಿದ್ದರೆ ಅದು ಸುತ್ತಾಡಿ ಸುತ್ತಾಡಿ ಒಂದು ದಿನ ಕಂಪ್ರೆಸರಿನ ಹೊಟ್ಟೆ ಸೇರುತ್ತದೆ. ನಂತರ ಹಿತ್ತಾಳೆಯ ನಟ್ಟನ್ನು ಮೊದಲು ಪೈಪಿಗೆ ತೊಡಿಸಿದ. ಇದನ್ನು ಮರೆತು ಬಾಯಿ ಅಗಲಿಸಿದರೆ ಮತ್ತೆ ಕೊಯ್ದು ಹೊಸದಾಗಿ ಶುರುಮಾಡಬೇಕು, ಕಲಿಯುವ ಹುಡುಗರೆಲ್ಲ ಒಮ್ಮೆ ಮರೆಯುತ್ತಾರಂತೆ. ಕಬ್ಬಿಣದ ಹಿಡಿಕೆಯಲ್ಲಿ ಪೈಪನ್ನು ಬಿಗಿದು, ಮೇಲಿನಿಂದ ಶಂಕುವನ್ನು ತಿರುಪುತ್ತ ತಿರುಪುತ್ತ ಇಳಿಸಿದ. ಹಿಡಿಕೆ ಬಿಚ್ಚಿದಾಗ ಪೈಪಿನ ತುದಿ ದತ್ತೂರಿ ಹೂವಿನ ಹಾಗೆ ಅರಳಿತ್ತು, ಅಂಚಿನಲ್ಲಿ ಒಂದು ಗೀರಿಲ್ಲ, ಒಳಮೈಯಲ್ಲಿ ಕಿಟಕಿಯ ಬೆಳಕು ಹೊಳೆಯುತ್ತಿತ್ತು. ಅವನು ಅದನ್ನು ಬೆಳಕಿಗೆ ಹಿಡಿದು ಸುತ್ತಿಸಿ ನೋಡಿದ, ಒಪ್ಪಿಗೆಯಾಗಲಿಲ್ಲ, ಬೆರಳಷ್ಟು ಕೊಯ್ದು ಎಸೆದು ಮತ್ತೊಮ್ಮೆ ಮಾಡಿದ. ನನ್ನ ಕಣ್ಣಿಗೆ ಎರಡೂ ಒಂದೇ. ಪ್ರಾಸದಲ್ಲಿ ಒಂದಕ್ಷರ ತಪ್ಪಿದರೆ ಕವಿಯನ್ನು ಪೇಚಿಗೆ ಸಿಕ್ಕಿಸುತ್ತಿದ್ದ ನಾನು, ಕೂದಲೆಳೆಯ ಗೀರಿಗಾಗಿ ಬೆಲೆಬಾಳುವ ತಾಮ್ರ ಎಸೆಯುವವನನ್ನು ಮೊದಲ ಸಲ ನೋಡಿದೆ. ಎರಡೂ ಪೈಪಿಗೆ ಬೇರೆಬೇರೆಯಾಗಿ ಕರಿ ರಬ್ಬರಿನ ಅಂಗಿ ತೊಡಿಸಿದ. ಇಬ್ಬರನ್ನೂ ಒಂದೇ ಅಂಗಿಯೊಳಗೆ ತುರುಕಿದರೆ ಒಬ್ಬನ ಬಿಸಿ ಇನ್ನೊಬ್ಬನಿಗೆ. ಆಮೇಲೆ ಪೈಪು, ವಾಯರು, ನಳಿಕೆ ಎಲ್ಲ ಸೇರಿಸಿ ಬಿಳಿ ಪಟ್ಟಿ ಸುತ್ತಿದ, ಕೆಳಗಿನಿಂದ ಮೇಲಕ್ಕೆ, ಮಳೆ ನೀರು ಮಡಿಕೆಯೊಳಗೆ ನಿಲ್ಲದ ಹಾಗೆ.

ಕೂತು ಕೂತು ಬೇಜಾರಾಗಿ ನಾನು ಅವನಿಗೆ ಒಂದು ಕತೆ ಹೇಳಿದೆ. ನೀವೂ ಕೇಳಿಸಿಕೊಳ್ಳಿ, ನಿಮಗೂ ಅವಸರವಿದ್ದಂತೆ ಕಾಣುವುದಿಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವಕ್ಕೆ ಕಾಗದ ಉಬ್ಬಿ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ಆ ತೇವವನ್ನು ಹತೋಟಿಗೆ ತರಲು ಯೋಜನೆ ಮಾಡಿಕೊಟ್ಟ. ಮೊದಲ ಏಸಿಯ ಸುಖ ಅನುಭವಿಸಿದ್ದು ಕಾಗದ. ಅದಾಗಿ ನಾಲ್ಕು ವರ್ಷಕ್ಕೆ ಅಮೆರಿಕದ ಬಟ್ಟೆ ಗಿರಣಿಗಳಲ್ಲಿ ಸ್ಟುವರ್ಟ್ ಕ್ರೇಮರ್ ಎಂಬವನು ನೂಲಿಗಾಗಿ ಗಾಳಿಯನ್ನು ಹದಗೊಳಿಸಿದ, ಈ ವಿದ್ಯೆಗೆ ಏರ್ ಕಂಡೀಶನಿಂಗ್ ಎಂಬ ಹೆಸರು ಕೊಟ್ಟವನೂ ಅವನೇ. ಗಾಳಿ ಒಣಗಿದರೆ ನೂಲು ಹರಿಯುತ್ತದೆ. ಇದನ್ನು ನಾನು ಪುಸ್ತಕ ಓದುವ ಮೊದಲೇ ಬಲ್ಲೆ. 1885ರಷ್ಟು ಹಿಂದಿನ ನಮ್ಮ ಗೋಕಾಕ ಗಿರಣಿಯಲ್ಲಿ ನಮ್ಮ ಚಿಕ್ಕಪ್ಪ ಒಬ್ಬರು ಕೆಲಸಕ್ಕಿದ್ದರು. ಜಲಪಾತದ ನೀರಿನ ಬಲದಿಂದಲೇ ಶುರುವಾದ ಗಿರಣಿ ಅದು. ಭೋಂಗಾ ಕೂಗಿದ ಮೇಲೆ ಅವರು ತಲೆಯಲ್ಲಿ ಅರಳೆಯ ಎಳೆ ಸಿಕ್ಕಿಸಿಕೊಂಡು ಮನೆಗೆ ಬರುತ್ತಿದ್ದರು. "ನೂಲಿಗೆ ನೀರ ಹೊಡದ ಗಾಳಿ ತಂಪ ಮಾಡ್ತಾರ, ನಮಗ್ಯಾರ ಮಾಡ್ತಾರ" ಎಂದು ನಗುತ್ತಿದ್ದರು. ಹುಡುಗ ಕತೆ ಕೇಳಿ, "ಹೌದರಿ? ಸರ್ರ, ಆ ಸ್ಪ್ಯಾನರ ಸ್ವಲ್ಪ ಈ ಕಡೆ ಕೊಡ್ರಿ" ಎಂದ.

ಟನ್ನಿನ ವಿಷಯವೂ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಒಂದೂವರೆ ಟನ್ ಎಂದರೆ ಡಬ್ಬಿಯ ತೂಕವೆಂದು ನಮ್ಮ ಓಣಿಯಲ್ಲಿ ನಂಬಿದವರಿದ್ದಾರೆ, ಗೋಡೆ ತಡೆದೀತೇ ಎಂದು ಬಂದು ವಿಚಾರಿಸಿದರು. ಯಂತ್ರ ಬರುವ ಮೊದಲು ದೊಡ್ಡ ದೊಡ್ಡ ಬರ್ಫದ ಗಡ್ಡೆ ಇಟ್ಟು ತಂಪು ಮಾಡುತ್ತಿದ್ದರು. ಒಂದು ಟನ್ ಬರ್ಫ ಇಪ್ಪತ್ತನಾಲ್ಕು ತಾಸಿನಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅದೇ ಒಂದು ಟನ್ನಿನ ಅಳತೆ, ಸುಮಾರು ಮೂರೂವರೆ ಕಿಲೋವ್ಯಾಟ್. ನಮ್ಮೂರ ಜಾತ್ರೆಗೆ ಕಟ್ಟಿಗೆಪುಡಿ, ಗೋಣಿತಾಟಿನೊಳಗೆ ಮುಚ್ಚಿ ತರುತ್ತಿದ್ದ ಬರ್ಫದ ಗಡ್ಡೆಯನ್ನು ನೆನೆದು, ದಿನಕ್ಕೆ ಒಂದೂವರೆ ಟನ್ ಬರ್ಫ ನಮ್ಮ ಮಲಗುವ ಖೋಲಿಯಲ್ಲಿ ಕರಗುವುದೆಂಬ ಕಲ್ಪನೆಯಿಂದಲೇ ನನಗೆ ಅರ್ಧ ತಂಪಾಯಿತು.

ಎಲ್ಲ ನಟ್ಟುಗಳನ್ನೂ ಎರಡೆರಡು ಸ್ಪ್ಯಾನರಿನಿಂದ ಬಿಗಿದ ಮೇಲೆ ಮುಗಿಯಿತೆಂದುಕೊಂಡು ನಾವೆಲ್ಲ ಖೋಲಿ ಸೇರಿದೆವು. ನಮ್ಮಾಕೆಯ ತಮ್ಮ ಮಂಚದ ಮೇಲೆ ಜಾಗ ಹಿಡಿದ. ಹುಡುಗ ಗಾಡಿಯಿಂದ ಒಂದು ಭಾರದ ಪಂಪು ಇಳಿಸಿಕೊಂಡು ಬಂದ. ಗ್ಯಾಸು ಹೊರಗಿನ ಡಬ್ಬಿಯಲ್ಲಿ ಮೊದಲೇ ತುಂಬಿರುತ್ತದೆ. ಅದನ್ನು ಬಿಡುವ ಮೊದಲು ಪೈಪಿನೊಳಗಿನ ಗಾಳಿ, ಪಸೆ ಎರಡನ್ನೂ ಎಳೆದು ಹಾಕಬೇಕಂತೆ. ಪಂಪು ಗುರ್ ಎನ್ನತೊಡಗಿತು, ಮೀಟರಿನ ಮುಳ್ಳು ಸೊನ್ನೆಗಿಂತ ಕೆಳಗಿಳಿಯಿತು. ಒತ್ತಡ ಅಷ್ಟು ಇಳಿದಾಗ ಪೈಪಿನೊಳಗಿನ ನೀರ ಪಸೆ ಬೆಂಕಿಯಿಲ್ಲದೆ ಕುದಿದು ಆವಿಯಾಗಿ ಹೊರಟುಹೋಗುತ್ತದೆ. ಉಳಿದರೆ ಕಂಪ್ರೆಸರಿನ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಒಳಗೊಳಗೇ ತಿನ್ನುತ್ತದೆ. ಅರ್ಧ ತಾಸು ಆಯಿತು. ಪಂಪು ನಿಲ್ಲಿಸಿ ಈಗಾದರೂ ಗ್ಯಾಸು ಬಿಡುತ್ತಾನೆಂದರೆ, ಅವನು ಮೀಟರಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಸುಮ್ಮನೆ ನೋಡುತ್ತಿದ್ದಾನೆ. ಮುಳ್ಳು ಮೇಲೇರಿದರೆ ಎಲ್ಲೋ ಸೋರುತ್ತಿದೆ, ನಿಂತಲ್ಲೇ ನಿಂತರೆ ಗಟ್ಟಿ. ಶೂನ್ಯದ ಬಗ್ಗೆ ವಚನಕಾರರಿಂದ ಹಿಡಿದು ಬೌದ್ಧರವರೆಗೆ ಪಾಠ ಮಾಡಿದವನು ನಾನು. ಶೂನ್ಯವನ್ನು ಮೀಟರಿನಲ್ಲಿ ಅಳೆದು, ಅದು ಸೋರುತ್ತದೋ ಎಂದು ಕಾಯುವವನನ್ನು ಕಂಡದ್ದು ಆಗಲೇ. ಮೈದುನ ಮಂಚದ ಮೇಲಿಂದ "ಏ ತಮ್ಮಾ, ಬಾಕಿಯವ್ರು ಇದೆಲ್ಲಾ ಮಾಡೂದಿಲ್ಲೋ, ಐದ ನಿಮಿಷದಾಗ ಚಾಲೂ ಮಾಡಿ ಹೋಗ್ತಾರ" ಎಂದ. ಹುಡುಗ ತಿರುಗಿ ಕೂಡ ನೋಡದೆ, "ಅದಕ್ಕ ಅವ್ರ ಪ್ರತಿ ವರ್ಷ ಗ್ಯಾಸ ತುಂಬಾಕ ಬರ್ತಾರಿ" ಎಂದ.

ಇದು ನಮ್ಮ ಷಡ್ಡಕರಿಗೆ ತಗಲುವ ಮಾತು. ಅವರ ಮನೆಯ ಏಸಿಗೆ ಪ್ರತಿ ಯುಗಾದಿಗೆ ಬೇವುಬೆಲ್ಲದ ಜೊತೆ ಗ್ಯಾಸು ತುಂಬಿಸುವ ಸಂಪ್ರದಾಯವಿದೆ. ಮೋಟರ್ ಸೈಕಲ್ಲಿಗೆ ಪೆಟ್ರೋಲು ತೀರುತ್ತದಲ್ಲ, ಇದೂ ತೀರುತ್ತದೆ ಎಂದು ಅವರ ತಿಳಿವಳಿಕೆ. ತೀರುವುದಿಲ್ಲ, ಸ್ವಾಮಿ. ಆ ಗ್ಯಾಸು ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ, ಬರೀ ಸುತ್ತು ಹಾಕುತ್ತದೆ. ಪೈಪಿನ ಕೀಲು ಸರಿಯಾಗಿ ಕೂತಿದ್ದರೆ ಯಂತ್ರ ಇರುವಷ್ಟು ಕಾಲ ಅದೇ ಗ್ಯಾಸು. ಕಡಿಮೆಯಾಗಿದೆ ಎಂದರೆ ಸೋರಿದೆ ಎಂದೇ ಅರ್ಥ, ಸೋರುವುದನ್ನು ಹುಡುಕದೆ ಮತ್ತೆ ತುಂಬಿದರೆ ಅದೂ ಸೋರುತ್ತದೆ. ಸೋರಿದ್ದು ಎಲ್ಲಿಗೆ ಹೋಗುತ್ತದೆ? ಮೇಲಕ್ಕೆ. ಈಗಿನ ಮನೆ ಏಸಿಗಳಲ್ಲಿ ಹೆಚ್ಚಾಗಿ ಬಳಸುವ ಆರ್-32 ಒಂದು ಕಿಲೋ ಸೋರಿದರೆ ಭೂಮಿಯನ್ನು ಬಿಸಿ ಮಾಡುವ ಲೆಕ್ಕದಲ್ಲಿ 675 ಕಿಲೋ ಇಂಗಾಲಾಮ್ಲಕ್ಕೆ ಸಮ. ಹಳೆಯ ಆರ್-22 ಅದಕ್ಕಿಂತ ಎರಡೂವರೆ ಪಟ್ಟು ಕೆಟ್ಟದು, ಓಝೋನಿಗೂ ಹಾನಿ. 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಅದು ಹಿಂದೆ ಸರಿಯುತ್ತಿದೆ. ಆರ್-32ಗೆ ಕಿಡಿ ಸೋಕಿದರೆ ತುಸು ಹೊತ್ತಿಕೊಳ್ಳುವ ಗುಣವೂ ಇದೆ, ಹಾಗಾಗಿ ಒಂದಿಷ್ಟು ಗ್ಯಾಸು ಬಿಟ್ಟು ಪೈಪಿನ ಗಾಳಿಯನ್ನು ಹೊರದಬ್ಬುವ ಹಳೆಯ ಕೈಚಳಕ ಇದಕ್ಕೆ ನಡೆಯದು.

ಮುಳ್ಳು ಅಲುಗಲಿಲ್ಲ. ಹುಡುಗ ಆರು ಮೂಲೆಯ ಕೀಲಿಯಿಂದ ಗ್ಯಾಸು ಬಿಟ್ಟ, ಕೀಲುಗಳಿಗೆ ಸಾಬೂನು ನೊರೆ ಹಚ್ಚಿ ಗುಳ್ಳೆ ಏಳುತ್ತದೋ ನೋಡಿದ, ಕಾಕಾ ಎಂಸಿಬಿ ಎತ್ತಿದರು. ತಂಪು ಬಂತು. ಮೈದುನ ಐದು ನಿಮಿಷಕ್ಕೆ ನಿದ್ದೆ ಹೋದ. ನಾನು ಋತುಧರ್ಮದ ನೆನಪಿಗಾಗಿ 26ಕ್ಕೆ ಇಡೋಣ ಎಂದೆ, ನಮ್ಮಾಕೆ 24ಕ್ಕೆ ಇಟ್ಟಳು. ಆಗ್ನೇಯದ ನೆರೆಯವರು ಮಾರನೆಯ ದಿನ ಬಂದು ತಮ್ಮ ಒಣಹಾಕಿದ ಶಾವಿಗೆ ಬೇಗ ಒಣಗುತ್ತಿವೆ ಎಂದರು. ಅದು ದೂರೋ, ಉಪಕಾರ ಸ್ಮರಣೆಯೋ ಇನ್ನೂ ಸ್ಪಷ್ಟವಾಗಿಲ್ಲ.

ಅಂದಹಾಗೆ, ನಿಮ್ಮ ಮನೆಗೂ ಈ ಬೇಸಿಗೆ ಏಸಿ ಬರುವುದಿದ್ದರೆ ಯಾವ ಕಂಪನಿ, ಎಷ್ಟು ನಕ್ಷತ್ರ ಎಂದು ವಾರಗಟ್ಟಲೆ ಜಗಳಾಡುವುದರಲ್ಲಿ ಒಂದು ದಿನ ಉಳಿಸಿ, ಜೋಡಿಸಲು ಬರುವವನಿಗೆ ಫೋನು ಮಾಡಿ ವ್ಯಾಕ್ಯೂಮ್ ಪಂಪು ತರುತ್ತೀಯೇನಪ್ಪಾ ಎಂದು ಕೇಳಿಕೊಳ್ಳಿ. ತರುತ್ತೇನೆ ಎಂದವನು ನಾಲ್ಕು ದುಡ್ಡು ಹೆಚ್ಚು ಕೇಳಿದರೆ ಚೌಕಾಸಿ ಮಾಡದೆ ಕೊಡಿ, ಮುಳ್ಳು ನೋಡುತ್ತ ಕೂತಾಗ ಅವಸರ ಮಾಡಬೇಡಿ, ನಡುವೆ ಒಂದು ಚಹಾ ಕೊಡಿ.